ದಂತ ಚಿಕಿತ್ಸಾಲಯ: ರೋಗಿಯ ಆರೈಕೆ ಮತ್ತು ಸಿಬ್ಬಂದಿಯ ಸಿದ್ಧತೆ

ಹಲ್ಲು, ಒಸಡು, ದವಡೆ ಮತ್ತು ಬಾಯಿಯ ಒಳಪದರದ ತೊಂದರೆಗಳನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುವ ಸ್ಥಳ ದಂತ ಚಿಕಿತ್ಸಾಲಯ. ಕರ್ನಾಟಕದ ಪಟ್ಟಣಗಳಲ್ಲಿ ಇದರ ರೂಪ ಹೆಚ್ಚುಕಡಿಮೆ ಒಂದೇ. ಮೆಡಿಕಲ್ ಶಾಪಿನ ಪಕ್ಕದಲ್ಲೋ ಮಹಡಿಯ ಮೇಲೋ ಎರಡು ಮೂರು ಕೋಣೆ, ಒಂದೆರಡು ಡೆಂಟಲ್ ಚೇರ್, ಬಾಲ್ಕನಿಯಲ್ಲಿ ಗುರುಗುಟ್ಟುವ ಕಂಪ್ರೆಸರ್, ಬಿಡಿಎಸ್ ಓದಿದ ಒಬ್ಬ ವೈದ್ಯರು ಅಥವಾ ವೈದ್ಯ ದಂಪತಿ, ಒಬ್ಬ ರಿಸೆಪ್ಷನಿಸ್ಟ್, ಒಬ್ಬಿಬ್ಬರು ಸಹಾಯಕಿಯರು, ವಾರಕ್ಕೊಮ್ಮೆ ಬಂದು ಹೋಗುವ ಎಂಡಿಎಸ್ ತಜ್ಞರು. ರೋಗಿ ಕುರ್ಚಿಯಲ್ಲಿ ಕೂರುವುದು ಹೆಚ್ಚೆಂದರೆ ಅರ್ಧ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಸುರಕ್ಷಿತವಾಗಿ, ಹೆದರಿಕೆಯಿಲ್ಲದೆ ಕಳೆಯಬೇಕಾದರೆ ಅದಕ್ಕೂ ಮುಂಚೆ ಮತ್ತು ಅದಾದ ಮೇಲೆ ವೈದ್ಯರಲ್ಲದವರ ಕೈಯಲ್ಲಿ ನಡೆಯುವ ಕೆಲಸ ಸರಿಯಾಗಿರಬೇಕು. ಚಿಕಿತ್ಸಾಲಯದ ಗುಣವನ್ನು ಅಳೆಯಬೇಕಾದದ್ದು ಅಲ್ಲಿಯೇ.

ಹಿನ್ನೆಲೆ

ಭಾರತದಲ್ಲಿ ದಂತವೈದ್ಯಕೀಯದ ವ್ಯವಸ್ಥಿತ ಶಿಕ್ಷಣ ಶುರುವಾದದ್ದು ಕಲ್ಕತ್ತೆಯಲ್ಲಿ, ಡಾ. ರಫೀಉದ್ದೀನ್ ಅಹ್ಮದ್ 1920ರಲ್ಲಿ ಸ್ಥಾಪಿಸಿದ ಕಾಲೇಜಿನಿಂದ. 1948ರ ದಂತವೈದ್ಯರ ಕಾಯ್ದೆ ಈ ವೃತ್ತಿಗೆ ಕಾನೂನಿನ ಚೌಕಟ್ಟು ಹಾಕಿತು. ಮರುವರ್ಷ ಭಾರತೀಯ ದಂತ ಪರಿಷತ್ತು ಬಂತು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದು, ಮಣಿಪಾಲದ್ದು 1965ರದು. 1980ರ ದಶಕದಲ್ಲಿ ಮಂಗಳೂರು, ಬೆಳಗಾವಿ, ಧಾರವಾಡ, ಮೈಸೂರುಗಳಲ್ಲಿ ಖಾಸಗಿ ಕಾಲೇಜುಗಳು ಒಂದರ ಹಿಂದೊಂದು ತೆರೆದವು. ತಾಲ್ಲೂಕು ಕೇಂದ್ರಗಳಲ್ಲೂ ಹಲ್ಲಿನ ಡಾಕ್ಟರು ಸಿಗುವಂತಾದದ್ದು ಇದರ ಫಲ. ಅದಕ್ಕೆ ಮೊದಲು ಸಂತೆಯ ಬದಿಯಲ್ಲಿ ಕೂತು ಹಲ್ಲು ಕೀಳುವವರು, ಹೊಗೆ ಹಾಕಿ ಹಲ್ಲಿನ ಹುಳು ತೆಗೆದು ತೋರಿಸುವವರು ಇದ್ದರು. ಹುಳುಕಿನಲ್ಲಿ ಹುಳು ಇರುವುದಿಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಆದರೂ ಹುಳು ತೆಗೆಸಿಕೊಂಡು ಬಂದೆ ಎನ್ನುವ ರೋಗಿಗಳು ಇಂದಿಗೂ ಬರುತ್ತಾರೆ. ಅವರನ್ನು ನೋಡಿ ನಕ್ಕರೆ ಮುಂದಿನ ಸಲ ಅವರು ಬರುವುದಿಲ್ಲ.

ವೈದ್ಯರು ಒಬ್ಬರೇ ಕೆಲಸ ಮಾಡುವ ಪದ್ಧತಿ ಬದಲಾದದ್ದು ಅಮೆರಿಕದಲ್ಲಿ. ನ್ಯೂ ಆರ್ಲಿಯನ್ಸ್‌ನ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರು 1885ರಲ್ಲಿ ಒಬ್ಬ ಮಹಿಳೆಯನ್ನು ಸಹಾಯಕಿಯಾಗಿ ನೇಮಿಸಿಕೊಂಡರು. ಆಗ ಹೆಂಗಸರು ಒಬ್ಬರೇ ಹಲ್ಲಿನ ವೈದ್ಯರ ಬಳಿ ಹೋಗುವುದು ಸಭ್ಯವೆನಿಸುತ್ತಿರಲಿಲ್ಲ; ಸಹಾಯಕಿ ಇದ್ದ ಕಾರಣ ಅವರು ಧೈರ್ಯವಾಗಿ ಬರತೊಡಗಿದರು. ಕನೆಕ್ಟಿಕಟ್‌ನ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಕ್ಲೀನಿಂಗ್ ಕಲಿಸಿದರು. ಡೆಂಟಲ್ ಹೈಜೀನಿಸ್ಟ್ ಎಂಬ ವೃತ್ತಿ ಹುಟ್ಟಿದ್ದು ಹಾಗೆ. ಭಾರತದ 1948ರ ಕಾಯ್ದೆ ವೈದ್ಯರ ಜೊತೆಗೆ ಹೈಜೀನಿಸ್ಟ್ ಮತ್ತು ಡೆಂಟಲ್ ಮೆಕ್ಯಾನಿಕ್‌ಗಳನ್ನೂ ನೋಂದಾಯಿತ ವೃತ್ತಿಯವರೆಂದು ಗುರುತಿಸಿತು. ನಮ್ಮ ಪಟ್ಟಣಗಳ ಚಿಕಿತ್ಸಾಲಯಗಳಲ್ಲಿ ಮಾತ್ರ ಹೈಜೀನಿಸ್ಟ್ ಅಪರೂಪ. ರೋಗಿಗಳು ‘ಸಿಸ್ಟರ್’ ಎಂದು ಕರೆಯುವ ಸಹಾಯಕಿ ಸಾಮಾನ್ಯವಾಗಿ ಪಿಯುಸಿಯವರೆಗೆ ಓದಿ, ಉಳಿದದ್ದನ್ನೆಲ್ಲ ಕುರ್ಚಿಯ ಪಕ್ಕ ನಿಂತೇ ಕಲಿತವರು. ಅವರಿಗೆ ಕಲಿಸುವುದು ವೈದ್ಯರ ಕೆಲಸದ ಭಾಗವೆಂದು ನಮ್ಮ ಕಾಲೇಜುಗಳು ಸಾಕಷ್ಟು ಹೇಳಿಕೊಡುವುದಿಲ್ಲ. ಇದು ನಮ್ಮ ದಂತ ಶಿಕ್ಷಣದ ದೊಡ್ಡ ಕೊರತೆ.

ಫೋನಿನಿಂದ ಕುರ್ಚಿಯವರೆಗೆ

ಚಿಕಿತ್ಸೆ ಶುರುವಾಗುವುದು ಫೋನಿನಲ್ಲಿ. ಹಲ್ಲುನೋವಿಗೆ ಕನ್ನಡದಲ್ಲಿ ಹಲವು ಮಾತುಗಳಿವೆ, ಒಂದೊಂದೂ ಒಂದೊಂದು ಸ್ಥಿತಿಯ ಸುಳಿವು. ತಣ್ಣೀರು ಕುಡಿದರೆ ಜುಮ್ ಎನ್ನುತ್ತದೆ ಎಂದರೆ ಹಲ್ಲು ಸವೆದಿರಬಹುದು, ಹುಳುಕು ಶುರುವಾಗಿರಬಹುದು. ರಾತ್ರಿ ಮಲಗಿದರೆ ಪಟಪಟ ಬಡಿದುಕೊಳ್ಳುತ್ತದೆ, ನಿದ್ದೆಯಿಲ್ಲ ಎಂದರೆ ಹುಳುಕು ನರದವರೆಗೆ ಹೋಗಿರುವ ಸಂಭವ ಹೆಚ್ಚು. ಕಚ್ಚಿದರೆ ಹಲ್ಲು ಎದ್ದು ನಿಂತ ಹಾಗೆ ಆಗುತ್ತದೆ ಎಂದರೆ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತಿರಬಹುದು. ದವಡೆಯ ಕೆಳಗೆ ಊದಿಕೊಂಡಿದೆ, ಜ್ವರ ಇದೆ, ಬಾಯಿ ಬಿಡಲು ಆಗುತ್ತಿಲ್ಲ, ಎಂಜಲು ನುಂಗಲೂ ಕಷ್ಟ ಎಂದರೆ ಅಪಾಯಿಂಟ್‌ಮೆಂಟ್ ಪುಸ್ತಕ ತೆಗೆಯುವ ಮಾತೇ ಇಲ್ಲ. ಸೋಂಕು ಕುತ್ತಿಗೆಗೆ ಇಳಿದು ಉಸಿರಿನ ದಾರಿಯನ್ನೇ ಮುಚ್ಚಬಹುದು. ಆ ರೋಗಿ ಆ ಕ್ಷಣವೇ ಆಸ್ಪತ್ರೆ ಸೇರಬೇಕು. ಈ ವ್ಯತ್ಯಾಸ ತಿಳಿದ ರಿಸೆಪ್ಷನಿಸ್ಟ್ ಒಂದು ಚಿಕಿತ್ಸಾಲಯದ ಆಸ್ತಿ.

ಸಂಜೆ ಐದೂವರೆಗೆ ಒಬ್ಬ ತಾಯಿಯ ಫೋನ್ ಬರುತ್ತದೆ ಎಂದಿಟ್ಟುಕೊಳ್ಳೋಣ. ಹತ್ತು ವರ್ಷದ ಮಗ ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಬುಡಸಮೇತ ಕಿತ್ತು ಬಂದಿದೆ. ತರಬೇತಾದ ರಿಸೆಪ್ಷನಿಸ್ಟ್ ಹೀಗೆ ಹೇಳುತ್ತಾಳೆ: “ಅಳಬೇಡಿ ಅಕ್ಕ, ಹಲ್ಲು ಸಿಕ್ಕಿದೆಯಾ? ಬೇರಿನ ಕಡೆ ಮುಟ್ಟಬೇಡಿ, ಬಿಳಿ ಭಾಗ ಹಿಡಿದುಕೊಳ್ಳಿ. ಉಜ್ಜಬೇಡಿ, ಬಟ್ಟೆಯಲ್ಲಿ ಸುತ್ತಬೇಡಿ. ಲೋಟದಲ್ಲಿ ತಣ್ಣನೆ ಹಾಲು ಹಾಕಿ ಅದರಲ್ಲಿ ಇಟ್ಟು ಈಗಲೇ ಹೊರಡಿ.” ಕಿತ್ತು ಬಂದ ಶಾಶ್ವತ ಹಲ್ಲನ್ನು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮತ್ತೆ ಗುಳಿಯಲ್ಲಿ ಕೂರಿಸಿದರೆ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ, ಬೇರಿನ ಮೇಲಿನ ಜೀವಕೋಶಗಳು ಒಣಗಿದರೆ ಆ ಸಾಧ್ಯತೆ ಕುಸಿಯುತ್ತದೆ. ಹಾಲುಹಲ್ಲಾದರೆ ಮತ್ತೆ ಕೂರಿಸುವುದಿಲ್ಲ, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಏಟಾಗಬಹುದು. ಆ ಒಂದು ನಿಮಿಷದ ಮಾತು ಹುಡುಗನ ಹಲ್ಲನ್ನು ಉಳಿಸಬಲ್ಲದು. ವೈದ್ಯರು ಆಗ ಒಳಗೆ ಇನ್ನೊಬ್ಬರ ರೂಟ್ ಕೆನಾಲ್‌ನಲ್ಲಿ ಇರುತ್ತಾರೆ.

ಮೊದಲ ಸಲ ಬಂದವರ ಆರೋಗ್ಯದ ವಿವರ ಬರೆದುಕೊಳ್ಳುವುದು ಎರಡನೆಯ ಹಂತ. ಬಿಪಿ, ಶುಗರ್, ಹೃದಯದ ತೊಂದರೆ, ಆಸ್ತಮಾ, ಅಲರ್ಜಿ, ಗರ್ಭಿಣಿಯೇ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಯಾವುವು ಎಂದು ಕೇಳಬೇಕು. ಅಚ್ಚಾದ ಫಾರಂ ಕೊಟ್ಟು ಟಿಕ್ ಹಾಕಿ ಎಂದರೆ ಸಾಲದು. “ಏನೂ ಕಾಯಿಲೆ ಇಲ್ಲ” ಎನ್ನುವ ಯಜಮಾನರನ್ನೇ “ದಿನಾ ಬೆಳಿಗ್ಗೆ ಏನಾದರೂ ಮಾತ್ರೆ ತಗೊಳ್ತೀರಾ ಯಜಮಾನ್ರೇ?” ಎಂದು ಕೇಳಿದರೆ ಜೇಬಿನಿಂದ ಬಿಪಿ ಮಾತ್ರೆಯ ಜೊತೆ ರಕ್ತ ತೆಳುಮಾಡುವ ಮಾತ್ರೆಯ ಚೀಟಿಯೂ ಹೊರಬರುತ್ತದೆ. ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿ ಬರುವುದೂ ಅಪಾಯ, ಹೃದ್ರೋಗ ತಜ್ಞರನ್ನು ವಿಚಾರಿಸದೆ ನಿಲ್ಲಿಸಿ ಎಂದು ಹೇಳುವುದೂ ಅಪಾಯ. ಅಡಿಕೆ, ಗುಟ್ಕಾ, ತಂಬಾಕಿನ ಪ್ರಶ್ನೆಯನ್ನು ಬೈಯುವ ಧಾಟಿಯಲ್ಲಿ ಕೇಳಿದರೆ ಸುಳ್ಳು ಉತ್ತರ ಬರುತ್ತದೆ. ಪಾವಗಡ, ಕೋಲಾರ, ರಾಯಚೂರಿನ ಕಡೆಯವರ ಹಲ್ಲಿನ ಕಂದು ಕಲೆ ಹೆಚ್ಚಾಗಿ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಬಂದದ್ದು. ಸರಿಯಾಗಿ ಹಲ್ಲು ಉಜ್ಜುವುದಿಲ್ಲವೇ ಎಂದು ಅವರನ್ನು ಕೇಳುವುದು ಅನ್ಯಾಯ.

ಹೆದರಿಕೆಯ ಮಾತು ಬೇರೆಯೇ ಹೇಳಬೇಕು. ಹಲ್ಲಿನ ಚಿಕಿತ್ಸೆಯ ಭಯವನ್ನು ಅಳೆಯಲು ನಾರ್ಮನ್ ಕೋರಾ 1969ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಅದರ ಮೊದಲ ಪ್ರಶ್ನೆಗಳೇ ನಾಳೆ ವೈದ್ಯರ ಬಳಿ ಹೋಗಬೇಕು ಎಂಬಾಗಿನ ಮತ್ತು ಹೊರಗೆ ಕಾಯುತ್ತಿರುವಾಗಿನ ಮನಸ್ಸಿನ ಬಗ್ಗೆ. ಭಯ ಬೆಳೆಯುವುದು ಕಾಯುವ ಬೆಂಚಿನ ಮೇಲೆ. ಒಳಗಿನಿಂದ ಡ್ರಿಲ್ಲಿನ ಸದ್ದು ಕೇಳುತ್ತಾ ಒಂದು ಗಂಟೆ ಕೂತವರ ನಾಡಿ ಕುರ್ಚಿಗೆ ಬರುವ ಹೊತ್ತಿಗೇ ಏರಿರುತ್ತದೆ. ತಡವಾಗುತ್ತದೆ ಎಂದು ಗೊತ್ತಾದ ಕೂಡಲೇ ಹೊರಗೆ ಬಂದು ಎಷ್ಟು ಹೊತ್ತು ಎಂದು ಹೇಳುವುದು ಖರ್ಚಿಲ್ಲದ ಚಿಕಿತ್ಸೆ. ಕುರ್ಚಿಯಲ್ಲಿ ಕೂತ ಮೇಲೆ ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇವೆ ಎಂದು ಹೇಳಿ, ಕೈ ಎತ್ತಿದಾಗ ನಿಜವಾಗಿ ನಿಲ್ಲಿಸಬೇಕು. ಒಮ್ಮೆ ನಿಲ್ಲಿಸದಿದ್ದರೂ ಆ ಮಾತಿಗೆ ಮತ್ತೆ ಬೆಲೆಯಿಲ್ಲ.

ಮಕ್ಕಳಿಗೆ ‘ಹೇಳು, ತೋರಿಸು, ಮಾಡು’ ಎಂಬ ಕ್ರಮ 1959ರಿಂದ ಪ್ರಚಾರದಲ್ಲಿದೆ. ಮೊದಲು ಏನು ಮಾಡುತ್ತೇವೆ ಎಂದು ಹೇಳಿ, ಹಲ್ಲು ಕೊರೆಯುವ ಏರೋಟರ್‌ನ ಗಾಳಿ ನೀರನ್ನು ಮಗುವಿನ ಬೆರಳಿನ ಮೇಲೆ ಬಿಟ್ಟು ತೋರಿಸಿ, ಆಮೇಲೆ ಬಾಯಿಗೆ ಹೋಗುವುದು. ಹಠ ಮಾಡಿದರೆ ಡಾಕ್ಟರ್ ಸೂಜಿ ಚುಚ್ತಾರೆ ನೋಡು ಎಂದು ಮನೆಯಲ್ಲಿ ಹೆದರಿಸಿ ಕರೆತರುವ ತಾಯ್ತಂದೆಯರಿಗೆ ಸಹಾಯಕಿ ಹೊರಗೇ ಮೆಲ್ಲಗೆ ತಿಳಿಹೇಳಬೇಕಾಗುತ್ತದೆ. ಇಂಜೆಕ್ಷನ್ ಕೊಡುವುದಿಲ್ಲ ಎಂದು ಸುಳ್ಳು ಹೇಳಿ ಕೊಡುವುದು ಇದಕ್ಕಿಂತ ಕೆಟ್ಟದ್ದು. ಹಲ್ಲನ್ನು ಮಲಗಿಸುವ ನೀರು, ಸೊಳ್ಳೆ ಕಚ್ಚಿದ ಹಾಗೆ ಆಗುತ್ತದೆ ಎಂದರೆ ಮಗುವಿಗೆ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ, ಅದು ಹೆದರುವುದೂ ಕಡಿಮೆ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂಬ ನಂಬಿಕೆಗಳು ಎಲ್ಲೆಡೆ ಇವೆ. ಎರಡನೆಯದಕ್ಕೆ ಒಂದು ಕಾರಣವೂ ಇದೆ. ವರ್ಷಗಟ್ಟಲೆ ಕಟ್ಟಿದ ಗಾರೆಯೇ ಸಡಿಲ ಹಲ್ಲುಗಳನ್ನು ಹಿಡಿದುಕೊಂಡಿರುತ್ತದೆ, ಅದನ್ನು ತೆಗೆದಾಗ ಒಸಡು ಮೊದಲೇ ಕಳೆದುಕೊಂಡಿದ್ದ ಹಿಡಿತ ಬಯಲಾಗುತ್ತದೆ. ಇದನ್ನು ಕ್ಲೀನಿಂಗ್‌ಗೆ ಮುಂಚೆ ಕನ್ನಡಿ ಹಿಡಿದು ತೋರಿಸಿ ಹೇಳಿದರೆ ವಿವರಣೆ, ಆಮೇಲೆ ಹೇಳಿದರೆ ನೆಪ.

ಉಪಕರಣದ ದಾರಿ

ಬಾಯಿಯಲ್ಲಿ ರಕ್ತವೂ ಎಂಜಲೂ ಸೇರಿರುತ್ತವೆ. ಹಾಗಾಗಿ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೆಪಟೈಟಿಸ್ ಬಿ ದಾಟದಂತೆ ನೋಡಿಕೊಳ್ಳುವುದೇ ಚಿಕಿತ್ಸಾಲಯದ ಮೊದಲ ಕರ್ತವ್ಯ. ಉಪಕರಣಗಳನ್ನು ಅವು ಮುಟ್ಟುವ ಜಾಗಕ್ಕೆ ತಕ್ಕಂತೆ ವಿಂಗಡಿಸುವ ಸ್ಪಾಲ್ಡಿಂಗ್ ವರ್ಗೀಕರಣದಂತೆ ಮಾಂಸ ಮೂಳೆಯೊಳಗೆ ಹೋಗುವ ಫೋರ್ಸೆಪ್ಸ್, ಎಲಿವೇಟರ್, ಸ್ಕೇಲರ್‌ಗಳು ಪೂರ್ತಿ ಜೀವಾಣುರಹಿತವಾಗಿರಲೇಬೇಕು. ಬಾಯಿಯ ಒಳಪದರವನ್ನಷ್ಟೇ ಮುಟ್ಟುವ ಕನ್ನಡಿಯಂಥವು ಶಾಖ ತಾಳುವುದಾದರೆ ಅವೂ ಒತ್ತಡದ ಹಬೆಯಲ್ಲಿ ಜೀವಾಣು ಕೊಲ್ಲುವ ಆಟೋಕ್ಲೇವ್‌ಗೇ ಹೋಗಬೇಕು. ಹಳೆಯ ಚಿಕಿತ್ಸಾಲಯಗಳಲ್ಲಿ ಉಪಕರಣ ಕುದಿಸುವ ಪೆಟ್ಟಿಗೆ ಇರುತ್ತಿತ್ತು. ಕುದಿಯುವ ನೀರು ಬ್ಯಾಕ್ಟೀರಿಯಾದ ಬೀಜಕಗಳನ್ನು ಕೊಲ್ಲುವುದಿಲ್ಲ, ಹಾಗಾಗಿ ಅದು ಇಂದು ಒಪ್ಪುವ ವಿಧಾನವಲ್ಲ.

ಬಳಸಿದ ಫೋರ್ಸೆಪ್ಸ್ ಒಂದರ ಹಿಂದೆ ಹೋಗಿ ನೋಡಿದರೆ ಈ ಕೆಲಸದ ಶಿಸ್ತು ಕಾಣುತ್ತದೆ. ಸಹಾಯಕಿ ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡು ಅದನ್ನು ಮುಚ್ಚಿದ ಟ್ರೇಯಲ್ಲಿ ಹಿಂದಿನ ಕೋಣೆಗೆ ಒಯ್ಯುತ್ತಾಳೆ. ರಕ್ತ ಒಣಗುವ ಮುಂಚೆ ನೆನೆಹಾಕಿ, ಅಲ್ಟ್ರಾಸಾನಿಕ್ ಯಂತ್ರದಲ್ಲಿ ಅಥವಾ ಬ್ರಷ್ಷಿನಿಂದ ನೀರಿನೊಳಗೇ ತೊಳೆಯುತ್ತಾಳೆ. ನೀರಿನ ಹೊರಗೆ ಉಜ್ಜಿದರೆ ಹನಿ ಮುಖಕ್ಕೆ ಸಿಡಿಯುತ್ತದೆ. ಫೋರ್ಸೆಪ್ಸಿನ ಕೀಲಿನ ಸಂದಿಯಲ್ಲಿ ರಕ್ತದ ಗೆರೆ ಉಳಿದಿದ್ದರೆ ಆಟೋಕ್ಲೇವ್ ಆದ ಮೇಲೂ ಅದು ಶುದ್ಧವಲ್ಲ, ಏಕೆಂದರೆ ಕೊಳೆಯ ಕೆಳಗೆ ಹಬೆ ತಲುಪುವುದಿಲ್ಲ. ಒರೆಸಿ, ಒಣಗಿಸಿ, ಪೌಚಿನಲ್ಲಿ ಹಾಕಿ, ಮೇಲೆ ತಾರೀಖು ಬರೆಯುತ್ತಾಳೆ. ಸಾಮಾನ್ಯ ಆಟೋಕ್ಲೇವ್‌ನಲ್ಲಿ ಪೌಚ್ ಹಾಕಿದ ಉಪಕರಣಕ್ಕೆ 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡದಲ್ಲಿ 30 ನಿಮಿಷ ಬೇಕು. ಗಾಳಿಯನ್ನು ಮೊದಲೇ ಹೀರಿ ತೆಗೆಯುವ ಬಿ ದರ್ಜೆಯ ಯಂತ್ರದಲ್ಲಿ 134 ಡಿಗ್ರಿಯಲ್ಲಿ ಮೂರು ನಾಲ್ಕು ನಿಮಿಷ ಸಾಕು. ಪೌಚುಗಳನ್ನು ಒತ್ತೊತ್ತಾಗಿ ತುರುಕಿದರೆ ಈ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಪೌಚಿನ ಗುರುತಿನ ಬಣ್ಣ ಬದಲಾದದ್ದು ಶಾಖ ತಗಲಿದ್ದಕ್ಕೆ ಸಾಕ್ಷಿಯೇ ಹೊರತು ಜೀವಾಣು ಸತ್ತದ್ದಕ್ಕಲ್ಲ. ಅದಕ್ಕಾಗಿ ಶಾಖಕ್ಕೆ ಸುಲಭದಲ್ಲಿ ಬಗ್ಗದ ಜಿಯೋಬ್ಯಾಸಿಲಸ್ ಬೀಜಕಗಳಿರುವ ಪಟ್ಟಿಯನ್ನು ಆಗಾಗ ಒಳಗಿಟ್ಟು ಪರೀಕ್ಷಿಸಬೇಕು. ಬೋರ್‌ವೆಲ್ ನೀರು ಹಾಕಿದರೆ ಕಾಯಿಲ್ ಮೇಲೆ ಬಿಳಿ ಗಸಿ ಕಟ್ಟಿ ಯಂತ್ರ ಬೇಗ ಕೆಡುತ್ತದೆ, ಡಿಸ್ಟಿಲ್ಡ್ ವಾಟರೇ ಬೇಕು.

ರೋಗಿಯ ಎದುರಿಗೇ ಪೌಚ್ ಹರಿದು ಉಪಕರಣ ತೆಗೆಯುವುದು ಒಳ್ಳೆಯ ರೂಢಿ. ಕೇಳದೆಯೇ ಅವರಿಗೆ ಉತ್ತರ ಸಿಕ್ಕಿರುತ್ತದೆ.

ಕುರ್ಚಿಯ ನೀರಿನ ಕೊಳವೆಗಳನ್ನು ಹಲವರು ಮರೆಯುತ್ತಾರೆ. ಸಣ್ಣ ಕೊಳವೆಯಲ್ಲಿ ರಾತ್ರಿಯಿಡೀ ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳ ಪಾಚಿಪದರ ಬೆಳೆಯುತ್ತದೆ. ಬೆಳಿಗ್ಗೆ ಎರಡು ನಿಮಿಷ, ಪ್ರತಿ ರೋಗಿಯ ನಂತರ 20-30 ಸೆಕೆಂಡು ನೀರು ಹರಿಸಿ ಬಿಡಬೇಕು.

ಸಹಾಯಕಿಯರ ಸ್ವಂತ ರಕ್ಷಣೆಗೂ ಇಷ್ಟೇ ಗಮನ ಬೇಕು. ರಕ್ತದಲ್ಲಿ ಹೆಪಟೈಟಿಸ್ ಬಿ ಇದ್ದವರಿಗೆ ಬಳಸಿದ ಸೂಜಿ ಚುಚ್ಚಿದರೆ, ಲಸಿಕೆ ಇಲ್ಲದವರಿಗೆ ಸೋಂಕು ತಗಲುವ ಸಂಭವ ನೂರಕ್ಕೆ 30ರವರೆಗೆ ಇದೆ. ಎಚ್‌ಐವಿಯಲ್ಲಿ ಅದು ನೂರಕ್ಕೆ 0.3ರಷ್ಟು. ಆದರೂ ಜನ ಹೆದರುವುದು ಎರಡನೆಯದಕ್ಕೆ. ಕೆಲಸಕ್ಕೆ ಸೇರಿದ ದಿನವೇ ಲಸಿಕೆಯ ಮೊದಲ ಡೋಸ್, ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು, ಆಮೇಲೆ ರಕ್ತಪರೀಕ್ಷೆ: ಈ ಖರ್ಚು ಮಾಲೀಕರದು. ಕಡಿಮೆ ಸಂಬಳದ ಹುಡುಗಿ ತಾನೇ ಹಾಕಿಸಿಕೊಳ್ಳಲಿ ಎಂದು ಬಿಡುವುದು ತಪ್ಪು. ಸೂಜಿಗೆ ಎರಡೂ ಕೈಯಿಂದ ಮುಚ್ಚಳ ಹಾಕಬಾರದು. ಮುಚ್ಚಳವನ್ನು ಟ್ರೇಯಲ್ಲಿಟ್ಟು ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಬೇಕು. ಚುಚ್ಚಿಕೊಂಡರೆ ಮುಚ್ಚಿಡದೆ ಕೂಡಲೇ ಹೇಳುವ ಧೈರ್ಯ ಆಕೆಗೆ ಇರಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುಮಾಡಬೇಕಾಗುತ್ತದೆ. ಬೈಗುಳದ ಭಯದಿಂದ ಸುಮ್ಮನಿದ್ದರೆ ಆ ಅವಕಾಶವೇ ಕೈತಪ್ಪುತ್ತದೆ.

ಕಸಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಿವೆ. ರಕ್ತ ಹತ್ತಿದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸ್ ಮತ್ತು ಸಕ್ಷನ್ ಟಿಪ್ ಕೆಂಪಿಗೆ, ಸೂಜಿ ಬ್ಲೇಡುಗಳು ಚುಚ್ಚಿ ಹೊರಬರದ ಬಿಳಿ ಡಬ್ಬಿಗೆ, ಗಾಜಿನ ಸೀಸೆ ನೀಲಿಗೆ. ಪಾದರಸದ ಬೆಳ್ಳಿ ಸಿಮೆಂಟ್ ತುಂಬಿದ ಹಲ್ಲನ್ನು ಹಳದಿಗೆ ಹಾಕಿದರೆ ಅದು ಸುಡುವ ಕುಲುಮೆಗೆ ಹೋಗಿ ಪಾದರಸ ಗಾಳಿಗೆ ಸೇರುತ್ತದೆ. ಅದನ್ನು ಬೇರೆಯೇ ಇಡಬೇಕು.

ತುರ್ತು ಗಳಿಗೆ

ಹಲ್ಲಿನ ಕುರ್ಚಿಯಲ್ಲಿ ಅತಿ ಹೆಚ್ಚು ಕಾಣುವ ತುರ್ತು ಸ್ಥಿತಿ ತಲೆ ಸುತ್ತಿ ಪ್ರಜ್ಞೆ ತಪ್ಪುವುದು. ಇಂಜೆಕ್ಷನ್ ನೋಡಿದ ಗಟ್ಟಿಮುಟ್ಟಾದ ಯುವಕರೇ ಬೆವತು ಬಿಳಿಚಿಕೊಳ್ಳುತ್ತಾರೆ. ಕುರ್ಚಿಯನ್ನು ಪೂರ್ತಿ ಮಲಗಿಸಿ ಕಾಲು ಎತ್ತರಿಸಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಚೇತರಿಸಿಕೊಳ್ಳುತ್ತಾರೆ. ಕೂರಿಸಿ ನೀರು ಕುಡಿಸಲು ಹೋಗುವುದು ಜೊತೆಗೆ ಬಂದವರ ಸಹಜ ಅವಸರ, ಅದನ್ನು ತಡೆಯಬೇಕು. ಗರ್ಭಿಣಿಯಾದರೆ ಎಡ ಮಗ್ಗುಲಿಗೆ ಮಲಗಿಸಬೇಕು.

ಎರಡನೆಯದು, ರಕ್ತದ ಸಕ್ಕರೆ ಇಳಿಯುವುದು, ನಮ್ಮಲ್ಲಿ ಬಹಳ. ಹಲ್ಲು ಕೀಳಿಸುವ ದಿನ ಏನೂ ತಿನ್ನಬಾರದೆಂದು ತಾವೇ ಅಂದುಕೊಂಡು, ಶುಗರ್ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿ, ಬೆಳಿಗ್ಗೆ ಆರರ ಬಸ್ಸು ಹಿಡಿದು ಬಂದು ಹನ್ನೊಂದರವರೆಗೆ ಕಾಯುವ ಅಜ್ಜಿಯಂದಿರು. ಕೈ ನಡುಗುತ್ತದೆ, ಮಾತು ತೊದಲುತ್ತದೆ, ಕೆಲವೊಮ್ಮೆ ಸಿಡುಕುತ್ತಾರೆ. ರಕ್ತದ ಸಕ್ಕರೆ 70ಕ್ಕಿಂತ ಇಳಿದಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸುವುದು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಹಿಂದಿನ ದಿನ ಫೋನ್ ಮಾಡುವಾಗ ತಿಂಡಿ ತಿಂದೇ ಬನ್ನಿ ಅಜ್ಜಿ ಎಂದು ಒಂದು ಮಾತು ಹೇಳಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಅಪರೂಪವಾದರೂ ಪ್ರಾಣಕ್ಕೇ ಕುತ್ತಾಗುವುದು ತೀವ್ರ ಅಲರ್ಜಿ. ಮೈಮೇಲೆ ಗಂಧೆ, ತುಟಿ ಊತ, ಉಸಿರಿಗೆ ಕಷ್ಟ, ಬಿಪಿ ಕುಸಿತ. ಆಗ ಹಿರಿಯರಿಗೆ 1:1000 ಅಡ್ರಿನಲಿನ್ 0.5 ಮಿಲಿಲೀಟರ್ ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡಬೇಕು, ಐದು ನಿಮಿಷಕ್ಕೆ ಸುಧಾರಿಸದಿದ್ದರೆ ಮತ್ತೊಮ್ಮೆ. ಎದೆನೋವು ಬಂದವರಿಗೆ ಅಲರ್ಜಿ ಇಲ್ಲವಾದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಲು ಕೊಟ್ಟು 108ಕ್ಕೆ ಕರೆ ಮಾಡುವುದು. ನಾಡಿ ನಿಂತರೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಎದೆ ಒತ್ತುವುದು, ಮೂವತ್ತು ಒತ್ತಿಗೆ ಎರಡು ಉಸಿರು.

ಇವೆಲ್ಲ ಪುಸ್ತಕದಲ್ಲಿ ಎಲ್ಲ ವೈದ್ಯರಿಗೂ ಗೊತ್ತು. ಎಡವುವುದು ಸಣ್ಣ ವಿಷಯಗಳಲ್ಲಿ. ಆಮ್ಲಜನಕದ ಸಿಲಿಂಡರ್ ಇರುತ್ತದೆ, ಅದನ್ನು ತೆರೆಯುವ ಸ್ಪ್ಯಾನರ್ ಎಲ್ಲೋ ಇರುತ್ತದೆ. ಅದನ್ನು ದಾರ ಹಾಕಿ ಸಿಲಿಂಡರಿನ ಕುತ್ತಿಗೆಗೇ ಕಟ್ಟಿರಬೇಕು. ಅಡ್ರಿನಲಿನ್ ಇರುತ್ತದೆ, ಅವಧಿ ಮುಗಿದಿರುತ್ತದೆ. ತುರ್ತು ಪೆಟ್ಟಿಗೆಯ ಮುಚ್ಚಳದ ಮೇಲೆ ಮೊದಲು ಅವಧಿ ಮುಗಿಯುವ ಔಷಧಿಯ ತಾರೀಖು ದೊಡ್ಡದಾಗಿ ಬರೆದಿರಬೇಕು. 108ಕ್ಕೆ ಫೋನ್ ಮಾಡಿದವರಿಗೆ ಗಾಬರಿಯಲ್ಲಿ ವಿಳಾಸ ಹೇಳಲು ಬರುವುದಿಲ್ಲ. ಯಾವ ಸರ್ಕಲ್, ಯಾವ ಬ್ಯಾಂಕಿನ ಎದುರು, ಎಷ್ಟನೇ ಮಹಡಿ ಎಂದು ಫೋನಿನ ಪಕ್ಕ ಕನ್ನಡದಲ್ಲಿ ಅಂಟಿಸಿರಬೇಕು. ತಿಂಗಳಿಗೊಮ್ಮೆ, ರೋಗಿಗಳಿಲ್ಲದ ಮಧ್ಯಾಹ್ನ, ಸಿಬ್ಬಂದಿಯಲ್ಲೊಬ್ಬರು ಕುರ್ಚಿಯಲ್ಲಿ ಮಲಗಿ ಅಭ್ಯಾಸ ಮಾಡಿದರೆ ಇವೆಲ್ಲ ಹೊರಬೀಳುತ್ತವೆ. ಒಬ್ಬರು ರೋಗಿಯನ್ನು ಬಿಟ್ಟು ಕದಲಬಾರದು, ಒಬ್ಬರು ಪೆಟ್ಟಿಗೆ ಮತ್ತು ಸಿಲಿಂಡರ್ ತರಬೇಕು, ಒಬ್ಬರು ಫೋನ್ ಮಾಡಿ ಕೆಳಗಿಳಿದು ರಸ್ತೆಯಲ್ಲಿ ನಿಂತು ಆಂಬುಲೆನ್ಸ್‌ಗೆ ದಾರಿ ತೋರಿಸಬೇಕು. ಕಸ ಗುಡಿಸುವ ಅಮ್ಮನಿಗೂ ಇದರಲ್ಲಿ ಒಂದು ಪಾತ್ರ ಇರಬೇಕು, ಆ ಹೊತ್ತಿಗೆ ಅಲ್ಲಿ ಅವರೊಬ್ಬರೇ ಇರಬಹುದು.

ತಪ್ಪು ಹಲ್ಲು ಕೀಳುವುದೂ ಪೂರ್ವಸಿದ್ಧತೆಯಿಂದ ತಪ್ಪಿಸಬಹುದಾದ ಅನಾಹುತ. ಹಲ್ಲುಗಳಿಗೆ ಎರಡಂಕಿಯ ಸಂಖ್ಯೆಯಿದೆ, ಮೊದಲ ಅಂಕಿ ಬಾಯಿಯ ಭಾಗದ್ದು: ಮೇಲಿನ ಬಲಕ್ಕೆ 1, ಮೇಲಿನ ಎಡಕ್ಕೆ 2, ಕೆಳಗಿನ ಎಡಕ್ಕೆ 3, ಕೆಳಗಿನ ಬಲಕ್ಕೆ 4. ರೋಗಿಯ ಬಲ ವೈದ್ಯರ ಎದುರಿನ ಎಡ, 36 ಮತ್ತು 46 ಅದಲುಬದಲಾಗುವುದು ಇಲ್ಲಿಯೇ. ಸಹಾಯಕಿ ಚೀಟಿ ನೋಡಿ ಸಂಖ್ಯೆಯನ್ನು ಗಟ್ಟಿಯಾಗಿ ಓದಬೇಕು, ವೈದ್ಯರು ಬಾಯಿಯಲ್ಲಿ ಎಣಿಸಿ ಹೇಳಬೇಕು, ರೋಗಿ ಬೆರಳಿಟ್ಟು ತೋರಿಸಬೇಕು. ಮೂರೂ ಒಂದೇ ಆದ ಮೇಲೆ ಇಂಜೆಕ್ಷನ್.

ಕಾನೂನು, ದರ, ದಾಖಲೆ

ಕರ್ನಾಟಕದಲ್ಲಿ ದಂತ ಚಿಕಿತ್ಸಾಲಯ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಬೇಕು, ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಬೇಕು. ವೈದ್ಯರ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ರೋಗಿಗೆ ತಿಳಿಸಿ ಪಡೆದ ಒಪ್ಪಿಗೆ ಎಂದರೇನು ಎಂಬುದನ್ನು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ವಿವರಿಸಿತು. ದಂತ ಪರಿಷತ್ತಿನ 2014ರ ನೀತಿ ಸಂಹಿತೆ ದಾಖಲೆಗಳನ್ನು ಕನಿಷ್ಠ ಮೂರು ವರ್ಷ ಇಡಲು ಹೇಳಿತು.

ಜಗಳಗಳು ಹೆಚ್ಚಾಗಿ ಹುಟ್ಟುವುದು ದುಡ್ಡಿನ ಮಾತು ಅರ್ಧಂಬರ್ಧ ಆಡಿದ್ದರಿಂದ. ರೂಟ್ ಕೆನಾಲ್‌ಗೆ ಇಷ್ಟು ಎಂದು ಹೇಳಿ, ಕ್ಯಾಪಿನ ದರವನ್ನು ಕೊನೆಯ ದಿನ ಹೇಳಿದರೆ ರೋಗಿಗೆ ಮೋಸ ಹೋದ ಭಾವ ಬರುವುದು ಸಹಜ. ಹಲ್ಲು ತೆಗೆಸುವುದು, ಉಳಿಸುವುದು, ಸದ್ಯಕ್ಕೆ ಬಿಡುವುದು, ಮೂರಕ್ಕೂ ಏನಾಗುತ್ತದೆ, ಎಷ್ಟಾಗುತ್ತದೆ ಎಂದು ಮೊದಲೇ ಹೇಳಿ ಯೋಚಿಸಲು ಹೊತ್ತು ಕೊಡಬೇಕು.

ಮನೆಗೆ ಹೋದ ಮೇಲೆ

ಹಲ್ಲು ಕಿತ್ತ ಮೇಲಿನ ಸೂಚನೆಗಳನ್ನು ಬಾಯಿ ತುಂಬಾ ಹತ್ತಿ ಕಚ್ಚಿಕೊಂಡು, ತುಟಿ ಮರಗಟ್ಟಿ ಕೂತವರಿಗೆ ಹೇಳಿದರೆ ನೆನಪಿರುವುದಿಲ್ಲ. ಜೊತೆಯವರನ್ನು ಒಳಗೆ ಕರೆದು ಹೇಳಬೇಕು: ಅರ್ಧ ಮುಕ್ಕಾಲು ಗಂಟೆ ಹತ್ತಿ ಕಚ್ಚಿಕೊಂಡಿರಿ, ಉಗುಳಬೇಡಿ, ಎಂಜಲು ನುಂಗಿ, ಇವತ್ತು ಬಿಸಿಯದು ಬೇಡ, ಬಾಯಿ ಮುಕ್ಕಳಿಸುವುದು ನಾಳೆಯಿಂದ ಉಗುರುಬೆಚ್ಚನೆ ಉಪ್ಪುನೀರಿನಲ್ಲಿ. ಪದೇಪದೇ ಉಗುಳಿದರೆ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು, ಎರಡು ಮೂರು ದಿನಕ್ಕೆ ಕಿವಿಯವರೆಗೆ ಸಿಡಿಯುವ ನೋವು ಬರಬಹುದು. ಅಂದು ಸಂಜೆ ಸಹಾಯಕಿ ಹೇಗಿದ್ದೀರಿ ಎಂದು ಕೇಳುವ ಫೋನ್‌ಗೆ ರೋಗಿಗಳು ಕೊಡುವ ಬೆಲೆ ದೊಡ್ಡದು. ಕಟ್ಟಿಸಿದ ಹಲ್ಲಿನ ಸೆಟ್ ಮೊದಲ ವಾರ ಒಸಡಿಗೆ ಒತ್ತಿ ಹುಣ್ಣಾಗುತ್ತದೆ. ಕರೆದು ಉಜ್ಜಿ ಸರಿಮಾಡದಿದ್ದರೆ ಆ ಸೆಟ್ ಜೇಬಿನಲ್ಲೋ ಡಬ್ಬಿಯಲ್ಲೋ ಉಳಿಯುತ್ತದೆ.

ಮರಳಿ ಬರಬೇಕಾದವರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪುಟ ಬೇರೆ ಇದೆ. ಅಡಿಕೆಯನ್ನು ತಂಬಾಕಿಲ್ಲದೆ ಬರಿದೇ ಅಗಿದರೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅಡಿಕೆ ಬೆಳೆದು ಬದುಕುವ ನಾಡಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೆ ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗಿ, ಖಾರ ತಾಳದೆ, ವರ್ಷದಿಂದ ವರ್ಷಕ್ಕೆ ಬಾಯಿ ಕಡಿಮೆ ತೆರೆಯುವ ಹುಡುಗರು ಈ ಚಿಕಿತ್ಸಾಲಯಗಳಿಗೇ ಬರುತ್ತಾರೆ, ಅದೂ ಬೇರೆ ಯಾವುದೋ ಹಲ್ಲುನೋವಿಗೆ. ಅಂಥವರ ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ ಎಂದು ಪ್ರತಿ ಭೇಟಿಯಲ್ಲೂ ಅಳೆದು ಬರೆಯಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಬಯಾಪ್ಸಿಗೆ ಹತ್ತಿರದ ದಂತ ಕಾಲೇಜಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಚೀಟಿ ಬರೆದು ಕಳಿಸುವುದಷ್ಟೇ ಸಾಲದು, ಅವರು ಹೋದರೇ ಎಂದು ವಿಚಾರಿಸಬೇಕು. ನೋವಿಲ್ಲದ ಮಚ್ಚೆಗಾಗಿ ಕೂಲಿ ಬಿಟ್ಟು ಯಾರೂ ತಾವಾಗಿ ಹೋಗುವುದಿಲ್ಲ. ರಿಸೆಪ್ಷನಿಸ್ಟ್ ಆ ಪುಟದ ಹೆಸರುಗಳಿಗೆ ಮೊದಲ ವಾರ ಒಮ್ಮೆ, ಹೋಗಿಲ್ಲವೆಂದರೆ ಮರುವಾರ ಮತ್ತೊಮ್ಮೆ ಫೋನ್ ಮಾಡುತ್ತಾಳೆ. ಎತ್ತದಿದ್ದರೆ ಮನೆಯವರ ನಂಬರಿಗೆ ಮಾಡುತ್ತಾಳೆ. ಅದಕ್ಕೆಂದೇ ಮೊದಲ ದಿನದ ಫಾರಂನಲ್ಲಿ ಎರಡನೆಯ ನಂಬರ್ ಕೇಳಿ ಬರೆದುಕೊಂಡಿರಬೇಕು.